ಕಿಟಕಿ ಇಲ್ಲದ ಸನ್‌ಶೇಡ್

ಉರ್ವದ ಆ ಹಿಂಬದಿಯ ಓಣಿಯಲ್ಲಿ ಸ್ಕೂಟರ್ ನಿಲ್ಲಿಸಿ, ರೈನ್‌ಕೋಟಿನ ಟೊಪ್ಪಿಯನ್ನು ಹಿಂದಕ್ಕೆ ಸರಿಸಿ ಮುಕ್ತಾ ತಲೆಯೆತ್ತಿ ನೋಡಿದಳು. ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಕನ್ನಡಕದ್ದೇನೂ ತಪ್ಪಿರಲಿಲ್ಲ. ಗೋಡೆಯಿಂದ ಮೂರು ಅಡಿ ಹೊರಗೆ ಚಾಚಿದ ಕಾಂಕ್ರೀಟಿನ ಸನ್‌ಶೇಡ್ ಅವಳು ಬರೆದ ಹಾಗೆಯೇ, ಅವಳು ಬರೆದ ಜಾಗದಲ್ಲಿಯೇ ಇತ್ತು. ಮಳೆಯ ನೀರು ಅದರ ಅಂಚಿನಿಂದ ಅಚ್ಚುಕಟ್ಟಾಗಿ ದೂರ ಬೀಳುತ್ತಿತ್ತು. ಅದರ ಕೆಳಗೆ ಇರಬೇಕಾಗಿದ್ದ ಕಿಟಕಿ ಮಾತ್ರ ಇರಲಿಲ್ಲ. ನುಣ್ಣಗೆ ಸಾರಣೆ ಮಾಡಿ ಕೆನೆಬಣ್ಣ ಬಳಿದ ಬೋಳು ಗೋಡೆಯೊಂದು ಅಲ್ಲಿ ನಿಂತಿತ್ತು. ಅಷ್ಟು ದೊಡ್ಡ ಕೊಡೆ, ಒಂದು ಗೋಡೆಗೆ!

"ಎಂತ ಸಾವು ಇದು," ಎಂದಳು ಮುಕ್ತಾ, ಮಳೆಗೆ.

ಅವಳು ಕಟ್ಟಡದ ಇಂಜಿನಿಯರ್. ಬಿಜೈಯ ಬಸ್‌ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಂಗಳೂರಿನವರಿಗೆ ಒಂದೇ ಪಾಠವನ್ನು ಹೇಳಿ ಹೇಳಿ ಅವಳ ಗಂಟಲು ಒಣಗಿದೆ. ಇಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ ಸ್ವಾಮಿ, ಪಡುವಣದಿಂದ ಅಡ್ಡ ಬರುತ್ತದೆ. ಗಾಳಿಯಲ್ಲಿ ಉಪ್ಪುಂಟು, ರಾಡಿನ ಮೇಲೆ ಸಾಕಷ್ಟು ದಪ್ಪಕ್ಕೆ ಕಾಂಕ್ರೀಟ್ ಇಲ್ಲದಿದ್ದರೆ ಹದಿನೈದು ವರ್ಷದಲ್ಲಿ ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬು ಉದುರುತ್ತದೆ. ಯಾರು ಕೇಳುತ್ತಾರೆ? ಎಲ್ಲರಿಗೂ ದುಬೈಯ ಫೋಟೋದಲ್ಲಿ ನೋಡಿದ ಮನೆಯೇ ಆಗಬೇಕು. ಮೊದಲ ವರ್ಷ ಚಪ್ಪಟೆ ಟೆರೇಸ್, ಎರಡನೇ ವರ್ಷ ಸೋರಿಕೆ, ಮೂರನೇ ವರ್ಷ ಆ ಟೆರೇಸಿನ ಮೇಲೊಂದು ತಗಡಿನ ಮಾಡು. ಊರಿಡೀ ಹೀಗೆಯೇ ಟೊಪ್ಪಿ ಹಾಕಿಕೊಂಡು ನಿಂತಿದೆ. ಆದರೂ ಮುಂದಿನ ಮನೆ ಕಟ್ಟಿಸುವವನು ಬಂದು, "ನಮಗೆ ಫ್ಲಾಟ್ ರೂಫೇ ಇರ್ಲಿ ಮೇಡಂ, ಲುಕ್ ಬರ್ತದೆ" ಎನ್ನುತ್ತಾನೆ.

ಈ ಮನೆ ಹಾಗಾಗಬಾರದೆಂದು ಮುಕ್ತಾ ಹಟ ತೊಟ್ಟಿದ್ದಳು. ಅದಕ್ಕೆ ಕಾರಣ ಕುಶಲಾ. ಎರಡು ವರ್ಷದ ಹಿಂದೆ ಗಂಡ ಮಹಾಬಲ ಆಳ್ವರ ಜೊತೆ ಕುಶಲಾ ಆಫೀಸಿಗೆ ಬಂದಿದ್ದರು. ಆಳ್ವರಿಗೆ ಎರಡು ಹೋಟೆಲುಗಳು. ಅವರು ಒಂದು ಗಂಟೆ ಹೊತ್ತು ಗಾಜು, ಗ್ರಾನೈಟ್, ಪೋರ್ಟಿಕೋ ಎಂದು ಮಾತನಾಡಿದರು. ಕುಶಲಾ ಆಡಿದ್ದು ಒಂದೇ ಮಾತು. "ನನಗೆ ಮಳೆಗಾಲದಲ್ಲಿ ಉಸಿರು ಸಿಕ್ಕುವ ಮನೆ ಬೇಕು." ಅವರಿಗೆ ಉಬ್ಬಸ. ಆಗ ಇದ್ದ ಫ್ಲಾಟಿನಲ್ಲಿ ಜೂನ್ ಬಂತೆಂದರೆ ಗೋಡೆಗೆ ಬೂಷ್ಟು, ಕುಶಲಾರ ಕೈಯಲ್ಲಿ ಇನ್‌ಹೇಲರ್.

ಮುಕ್ತಾ ಇಡೀ ಮನೆಯನ್ನು ಆ ಒಂದು ಮಾತಿನ ಸುತ್ತ ಕಟ್ಟಿದಳು. ಮಲಗುವ ಕೋಣೆಗೆ ನೈರುತ್ಯದ ಮೂಲೆಯಲ್ಲಿ ಆರಡಿ ಅಗಲದ ಕಿಟಕಿ. ಗಾಜಲ್ಲ, ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳು. ಮಳೆ ಹೊರಗೆ, ಗಾಳಿ ಒಳಗೆ. ಆ ಗಾಳಿ ಕೋಣೆಯನ್ನು ದಾಟಿ, ಮೆಟ್ಟಿಲಿನ ಬುಡಕ್ಕೆ ಬಂದು, ಈಶಾನ್ಯದಲ್ಲಿ ಮೆಟ್ಟಿಲಿನ ಮೇಲಿಟ್ಟ ಜಾಲಂಧ್ರದಿಂದ ಹೊರಗೆ ಹೋಗಬೇಕು. ಫ್ಯಾನ್ ಬೇಡ, ಏಸಿ ಬೇಡ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಇದ್ದೂ ಪ್ರಯೋಜನವಿಲ್ಲ.

ಆಳ್ವರು ಎಲ್ಲದಕ್ಕೂ "ಆಯ್ತು ಮೇಡಂ" ಎಂದರು. ಅದೇ ದೊಡ್ಡ ಪೀಡೆ. ಜಗಳ ಮಾಡುವ ಮನುಷ್ಯನನ್ನು ಹೇಗಾದರೂ ಒಪ್ಪಿಸಬಹುದು, ಎಲ್ಲದಕ್ಕೂ ಆಯ್ತು ಎನ್ನುವವನನ್ನು ಏನು ಮಾಡುವುದು? ಗೋಡೆ ಎದ್ದು ಸ್ಲ್ಯಾಬ್ ಹಾಕಿ ಆದ ಮೇಲೆ, "ಇನ್ನು ನಿಮಗೆ ಯಾಕೆ ಓಡಾಟ, ಉಳಿದದ್ದನ್ನು ನಮ್ಮ ಚಾರ್ಲ್ಸ್ ನೋಡ್ಕೊಳ್ತಾನೆ" ಎಂದು ನಗುನಗುತ್ತಲೇ ಅವಳನ್ನು ಸೈಟಿನಿಂದ ಬಿಡಿಸಿದ್ದರು. ಚಾರ್ಲ್ಸ್ ಅವರ ಹೋಟೆಲಿನ ಕಂಟ್ರಾಕ್ಟರ್. ಏಪ್ರಿಲಿನ ಗೃಹಪ್ರವೇಶದ ದಿನ ಮುಕ್ತಾಳಿಗೆ ಸುರತ್ಕಲ್ಲಿನಲ್ಲಿ ಕಾಂಕ್ರೀಟ್ ಹಾಕುವುದಿತ್ತು. ಅರ್ಧ ಹಾಕಿದ ಸ್ಲ್ಯಾಬನ್ನು ಬಿಟ್ಟು ಪಾಯಸ ಉಣ್ಣಲು ಹೋಗುವ ಜಾತಿಯವಳಲ್ಲ ಅವಳು. ಹಾಗಾಗಿ ಈ ಬೋಳು ಗೋಡೆ ಇವತ್ತೇ ಕಣ್ಣಿಗೆ ಬಿದ್ದದ್ದು.

ಅದೂ ಆಳ್ವರ ಮಗಳು ಮನ್ವಿತಾ ಬೆಳಿಗ್ಗೆ ಫೋನ್ ಮಾಡಿದ್ದರಿಂದ. "ಆಂಟಿ, ಅಮ್ಮ ಮೂರು ದಿನದಿಂದ ಮಲಗ್ಲಿಲ್ಲ. ಮಲಗಿದ್ರೆ ದಮ್ಮು ಕಟ್ತದೆ, ಕೂತ್ಕೊಂಡೇ ನಿದ್ದೆ. ರೂಮಿನ ಗೋಡೆ ಇಡೀ ಬೂಷ್ಟು. ಈ ಸಲ ಹೀಗೇ ಆದ್ರೆ ಅಡ್ಮಿಟ್ ಮಾಡ್ಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ನೀವೊಮ್ಮೆ ಬರ್ತೀರಾ?"

ಆಳ್ವರು ಬಾಗಿಲಲ್ಲೇ ಸಿಕ್ಕಿದರು. "ಓ ಮೇಡಂ! ಬನ್ನಿ ಬನ್ನಿ, ಚಾ ಕುಡೀರಿ."

"ಚಾ ಬೇಡ ಆಳ್ವರೇ. ಕಿಟಕಿ ಎಲ್ಲಿ?"

"ಯಾವ ಕಿಟಕಿ?"

"ಸನ್‌ಶೇಡಿನ ಕೆಳಗಿನದ್ದು."

"ಅದಾ?" ಆಳ್ವರ ಮುಖದಲ್ಲಿ ಅಳುಕಿನ ಗೆರೆಯೂ ಇರಲಿಲ್ಲ. "ಅದನ್ನು ಮುಚ್ಚಿಸಿದ್ವಲ್ಲ, ಕೆಂಪು ಕಲ್ಲು ಕಟ್ಟಿ. ನೈರುತ್ಯ ಅಲ್ವಾ, ವಾಸ್ತುವಿಗೆ ಆಗುವುದಿಲ್ಲ. ಸನ್‌ಶೇಡ್ ಮೊದಲೇ ಆಗಿತ್ತು, ಒಡೆದ್ರೆ ಅಸಹ್ಯ ಕಾಣ್ತದೆ ಅಂತ ಬಿಟ್ಟದ್ದು."

"ಯಾರನ್ನು ಕೇಳಿ ಮುಚ್ಚಿಸಿದ್ದು?"

"ಬೇರೆ ಯಾರನ್ನು ಕೇಳ್ತೇನೆ ಮಾರಾಯ್ರೆ? ನಿಮ್ಮ ತಂದೆಯವರನ್ನೇ ಕೇಳಿದ್ದು!" ಎಂದರು ಆಳ್ವರು ಎದೆ ಉಬ್ಬಿಸಿ. "ಹೊರಗಿನವರನ್ನು ಕೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ನಿಮ್ಮ ಮನೆಯವರನ್ನೇ ಕೇಳಿದೆ. ನಿಮಗೆ ಮರ್ಯಾದೆ ಕೊಡ್ಬೇಕಲ್ಲ."

ಮುಕ್ತಾಳಿಗೆ ಮೈಯೆಲ್ಲ ಉರಿದುಹೋಯಿತು. ಅವರನ್ನು ದಾಟಿ ಹೋಗಿ ಮಲಗುವ ಕೋಣೆಯ ಒಳಗೆ ಇಣುಕಿದಳು. ಗೋಡೆಯ ಕೆಳಗಿನ ಅರ್ಧ ಭಾಗಕ್ಕೆ ಹಸಿರುಗಪ್ಪು ಬೂಷ್ಟು ಹಬ್ಬಿತ್ತು. ಒದ್ದೆ ಗೋಣಿಯ ವಾಸನೆ. ಕುಶಲಾ ಮಂಚದ ಅಂಚಿನಲ್ಲಿ, ಎರಡು ಕೈಗಳನ್ನೂ ಮೊಣಕಾಲಿಗೆ ಊರಿ, ಮುಂದಕ್ಕೆ ಬಾಗಿ ಕುಳಿತಿದ್ದರು. ಒಂದೊಂದು ಉಸಿರಿಗೂ ಎದೆಯಲ್ಲಿ ಸಣ್ಣ ಸಿಳ್ಳೆ. ಮುಕ್ತಾಳನ್ನು ನೋಡಿ ನಗಲೂ ಇಲ್ಲ, ಮಾತನಾಡಲೂ ಇಲ್ಲ. ಆ ಮೌನ ಯಾಕೋ ಅವಳಿಗೆ ಚುಚ್ಚಿತು.

"ಮಧ್ಯಾಹ್ನ ಚಾರ್ಲ್ಸ್ ಬರ್ತಾನೆ," ಎಂದರು ಆಳ್ವರು ಹಿಂದಿನಿಂದ. "ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಸ್ತೇನೆ. ಮತ್ತೆ ಒಂದು ಏಸಿ. ನೀವು ಟೆನ್ಶನ್ ಮಾಡ್ಬೇಡಿ."

ಮುಕ್ತಾ ಸ್ಕೂಟರನ್ನು ನೇರ ಮಣ್ಣಗುಡ್ಡಕ್ಕೆ ಹೊಡೆದಳು. ಅವಳ ತಂದೆ ಬಾಲಚಂದ್ರ ಉಪಾಧ್ಯಾಯರು ಸಂಸ್ಕೃತ ಮೇಷ್ಟರಾಗಿ ನಿವೃತ್ತರಾದವರು, ಅವಳ ಜೊತೆಯಲ್ಲೇ ಫ್ಲಾಟಿನಲ್ಲಿ ಇರುವವರು. ಯಾರ ಮನೆಯಲ್ಲಿ ಪೂಜೆಯಿದ್ದರೂ ಹೋಗುತ್ತಾರೆ, ಯಾರು ವಾಸ್ತು ಕೇಳಿದರೂ ಹೇಳುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ ಕಟ್ಟಿದವರು ಇವರನ್ನು ನೋಡಿಯೇ ಕಟ್ಟಿರಬೇಕು ಎಂದುಕೊಳ್ಳುತ್ತ ಅವಳು ಲೇಡಿಹಿಲ್ಲಿನ ತಿರುವಿನಲ್ಲಿ ಒಂದು ಬಸ್ಸಿನವನಿಗೂ ಬೈದಳು.

ಉಪಾಧ್ಯಾಯರು ಮಂಚದ ಮೇಲೆ ಕುಳಿತು ಪೇಪರ್ ಓದುತ್ತಿದ್ದರು.

"ಅಪ್ಪ, ಉರ್ವದ ಆಳ್ವರ ಮನೆಯ ಕಿಟಕಿ ಮುಚ್ಚಲಿಕ್ಕೆ ನೀವು ಹೇಳಿದ್ದಾ?"

"ಮುಚ್ಚಲಿಕ್ಕೆ ನಾನು ಹೇಳ್ಲಿಲ್ಲ. ನೈರುತ್ಯದಲ್ಲಿ ಅಷ್ಟು ದೊಡ್ಡ ಕಿಟಕಿ ಇರಬಹುದಾ ಅಂತ ಕೇಳಿದ್ರು. ಇಲ್ಲದಿದ್ರೆ ಒಳ್ಳೇದು ಅಂದೆ. ಆ ಮೂಲೆ ಭಾರ ಇರಬೇಕು, ಶಾಸ್ತ್ರ ಇರುವುದೇ ಹಾಗೆ."

"ಪ್ಲಾನ್ ನನ್ನದು ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು. ಅದಕ್ಕೇ ಧೈರ್ಯ. ಏನು ಮಾಡುವುದಾದ್ರೂ ನಿನ್ನನ್ನು ಕೇಳಿಯೇ ಮಾಡ್ತಾರಲ್ಲ ಅಂತ."

ಮುಕ್ತಾ ಹಣೆ ಚಚ್ಚಿಕೊಂಡಳು. ಉಪಾಧ್ಯಾಯರು ಮಗಳಿಗೆ ಹೇಳಿರುತ್ತಾರೆಂದು ಆಳ್ವರು, ಆಳ್ವರು ಅವಳನ್ನು ಕೇಳುತ್ತಾರೆಂದು ಉಪಾಧ್ಯಾಯರು. ಇಬ್ಬರೂ ಸಂಭಾವಿತರು, ಇಬ್ಬರಿಗೂ ಅವಳ ಮೇಲೆ ಅಪಾರ ಗೌರವ. ಇವರಿಬ್ಬರ ಗೌರವದ ನಡುವೆ ಒಂದು ಹೆಂಗಸಿಗೆ ಉಸಿರು ಸಿಕ್ಕುತ್ತಿಲ್ಲ.

"ನಿಮ್ಮ ಮಂಚ ಯಾವ ಮೂಲೆಯಲ್ಲಿ ಉಂಟು ಅಪ್ಪ?"

ಉಪಾಧ್ಯಾಯರು ತಲೆಯೆತ್ತಿದರು. ಮಂಚ ನೈರುತ್ಯದಲ್ಲಿತ್ತು. ತಲೆಯ ಪಕ್ಕದಲ್ಲೇ ದೊಡ್ಡ ಕಿಟಕಿ. ಹದಿನಾರು ವರ್ಷಗಳಿಂದ ಆ ಗಾಳಿಗೇ ಅವರಿಗೆ ಮಧ್ಯಾಹ್ನದ ನಿದ್ದೆ.

"ಇದು ಫ್ಲಾಟ್," ಎಂದರು. "ಫ್ಲಾಟಿಗೆಲ್ಲ ಶಾಸ್ತ್ರ ಯಾರು ನೋಡ್ತಾರೆ?"

"ಶ್ವಾಸಕೋಶ ನೋಡ್ತದಾ, ಇದು ಫ್ಲಾಟ್, ಇದು ಸ್ವಂತ ಮನೆ ಅಂತ?" ಅವಳ ಧ್ವನಿ ಪಕ್ಕದ ಫ್ಲಾಟಿಗೂ ಕೇಳಿಸುವಷ್ಟು ಏರಿತ್ತು. ಆಮೇಲೆ ಅವಳು ಕುರ್ಚಿ ಎಳೆದು ಕುಳಿತು ಧ್ವನಿ ಸ್ವಲ್ಪ ಇಳಿಸಿದಳು. ತಾನು ಈ ಜನ್ಮದಲ್ಲಿ ಕೇಳುವುದಿಲ್ಲವೆಂದುಕೊಂಡಿದ್ದನ್ನು ಕೇಳಿದಳು. "ಅಪ್ಪ, ನೀವೀಗ ಬಂದು ಆಳ್ವರಿಗೆ ಒಂದು ಶ್ಲೋಕ ಹೇಳಿ. ನೈರುತ್ಯದಲ್ಲಿ ಕಿಟಕಿ ಬೇಕೇ ಬೇಕು ಅಂತ. ನನ್ನ ಲೆಕ್ಕಾಚಾರ ಅವರ ತಲೆಗೆ ಹೋಗುವುದಿಲ್ಲ, ಶ್ಲೋಕ ಹೋಗ್ತದೆ."

"ಅಂಥ ಶ್ಲೋಕ ಇಲ್ಲ."

"ಇಲ್ಲದಿದ್ರೆ ನೀವೇ ಒಂದು ಕಟ್ಟಿ. ನಿಮಗೆ ಐದು ನಿಮಿಷದ ಕೆಲಸ."

ಉಪಾಧ್ಯಾಯರ ಮುಖ ಕೆಂಪಾಯಿತು. "ಮುಕ್ತಾ, ಬೀಳುವ ಬೀಮಿಗೆ ಸರಿ ಉಂಟು ಅಂತ ನೀನು ಸಹಿ ಹಾಕ್ತೀಯಾ?"

"ಇಲ್ಲ."

"ಹಾಗಾದ್ರೆ ನನ್ನ ಹತ್ತಿರವೂ ಅದನ್ನು ಮಾಡಿಸ್ಬೇಡ." ಪೇಪರ್ ಮಡಿಸಿಟ್ಟು, ಗೂಟದಿಂದ ಅಂಗಿ ತೆಗೆದು ತೊಟ್ಟುಕೊಂಡರು. "ಬಾ, ಹೋಗುವ. ನಾನೇ ನೋಡ್ತೇನೆ. ತಪ್ಪಾಗಿದ್ರೆ ತಪ್ಪಾಗಿದೆ ಅಂತ ಬಾಯಿ ಬಿಟ್ಟು ಹೇಳ್ತೇನೆ. ಸುಳ್ಳು ಶ್ಲೋಕ ಬೇಡ."

ಎಪ್ಪತ್ತಾರು ವರ್ಷದ ತಂದೆಯನ್ನು ಆ ಮಳೆಯಲ್ಲಿ ಸ್ಕೂಟರಿನಲ್ಲಿ ಕೂರಿಸಿಕೊಳ್ಳಲು ಮನಸ್ಸಾಗದೆ ಅವಳು ರಿಕ್ಷಾ ಹಿಡಿದಳು.

ಅವರು ತಲುಪುವಾಗ ಚಾರ್ಲ್ಸ್ ಇಬ್ಬರು ಕೆಲಸದವರ ಜೊತೆ ಕೋಣೆಯಲ್ಲಿ ಗೋಡೆ ಉಜ್ಜಿಸುತ್ತಿದ್ದ. ಪೇಂಟಿನ ಡಬ್ಬಗಳು ಬಾಗಿಲಲ್ಲಿದ್ದವು. ಬೂಷ್ಟಿನ ಧೂಳು ತಾಗಬಾರದೆಂದು ಮನ್ವಿತಾ ತಾಯಿಯನ್ನು ಹೊರಗೆ ಮೆಟ್ಟಿಲಿನ ಹತ್ತಿರ ಕುರ್ಚಿಯಲ್ಲಿ ಕೂರಿಸಿದ್ದಳು. ಉಪಾಧ್ಯಾಯರು ನೇರ ಕೋಣೆಗೆ ಹೋದರು. ಗೋಡೆಗೆ ಅಂಗೈ ಒತ್ತಿ ನೋಡಿದರು. ಅಂಗೈ ಒದ್ದೆಯಾಯಿತು. ಸ್ವಲ್ಪ ಹೊತ್ತು ಅಲ್ಲಿಯೇ ನಿಂತು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು. ಕುಶಲಾರ ಎದೆಯ ಸಿಳ್ಳೆ ಅವರಿಗೂ ಕೇಳಿಸಿತು.

"ಆಳ್ವರೇ," ಎಂದರು, "ನಾನು ಹೇಳಿದ್ದು ತಪ್ಪು. ಈ ಮನೆಯನ್ನು ನೋಡದೆ, ಇಲ್ಲಿ ಇರುವವರು ಯಾರು ಅಂತ ಕೇಳದೆ ಹೇಳಿದೆ. ಮುಚ್ಚಿದ ಕಿಟಕಿಯನ್ನು ಮತ್ತೆ ತೆರೆಸಿ."

ಮುಕ್ತಾಳ ಕಣ್ಣು ಒದ್ದೆಯಾಯಿತು. ತನ್ನ ತಂದೆ ಇನ್ನೊಬ್ಬರೆದುರು ತಪ್ಪಾಯಿತೆಂದದ್ದನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ.

ಆಳ್ವರು ನಕ್ಕರು. ಪ್ರೀತಿಯಿಂದಲೇ ನಕ್ಕರು. "ಉಪಾಧ್ಯಾಯರೇ, ನೀವು ದೊಡ್ಡವರು. ಮಗಳು ರಿಕ್ಷಾದಲ್ಲಿ ಕರ್ಕೊಂಡು ಬಂದದ್ದು ನನಗೆ ಗೊತ್ತಾಗುವುದಿಲ್ವಾ? ನನಗೂ ಮಗಳಿದ್ದಾಳೆ. ಮಗಳು ಹಟ ಮಾಡಿದ್ರೆ ನಾವು ಹಾಗೆ ಹೇಳಲೇಬೇಕಾಗ್ತದೆ. ಆದ್ರೆ ಮೊದಲು ಹೇಳಿದ್ದು ನಿಮ್ಮ ಬಾಯಿಯಿಂದ ತಾನಾಗಿ ಬಂದ ಮಾತು. ಅದೇ ನಿಜ."

"ಇಲ್ಲ ಆಳ್ವರೇ, ನಾನು ಮನಸ್ಸಾರೆ ಹೇಳ್ತಿದ್ದೇನೆ."

"ಆಯ್ತು, ಆಯ್ತು." ಆಳ್ವರು ಮತ್ತೆ ಒಪ್ಪಿಬಿಟ್ಟರು! "ನೋಡುವ. ಆದ್ರೆ ಈಗ ಆಟಿ ಅಲ್ವಾ? ಆಟಿಯಲ್ಲಿ ಮನೆಗೆ ಉಳಿ ಮುಟ್ಟಿಸುವುದು ಬೇಡ. ಸೋಣ ಬರಲಿ, ಇನ್ನೊಂದು ಕಡೆ ಕೂಡ ಕೇಳಿ, ಒಳ್ಳೆ ದಿನ ನೋಡಿ ಮಾಡುವ."

ಆಟಿಯೆಂದರೆ ತುಳುವರ ಮಳೆಯ ತಿಂಗಳು. ಮದುವೆಯಿಲ್ಲ, ಮುಹೂರ್ತವಿಲ್ಲ, ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುವುದಿಲ್ಲ. ಆಟಿ ಹಿಡಿದು ಇನ್ನೂ ಐದು ದಿನ ಆಗಿತ್ತಷ್ಟೇ. ಅದು ಮುಗಿದು ಸೋಣದ ತಿಂಗಳು ಬರಲು ಇನ್ನೊಂದು ತಿಂಗಳಿಗೆ ಸ್ವಲ್ಪವೇ ಕಡಿಮೆ. ಮುಕ್ತಾ ಬಾಯಿ ತೆರೆದಳು. ಇಪ್ಪತ್ತೆರಡು ವರ್ಷದ ಸಿಟ್ಟೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಮೇಲೆ ಭಾರ ಹೊರುವ ಲಿಂಟಲ್ ಹಾಕಿಯೇ ಉಂಟು, ಆ ಕಲ್ಲಿನ ಮೇಲೆ ಯಾವ ಭಾರವೂ ಇಲ್ಲ, ತೆಗೆದರೆ ಮನೆ ಬೀಳುವುದಿಲ್ಲ, ಎರಡು ಗಂಟೆಯ ಕೆಲಸ...

"ಆಟಿಯಲ್ಲಿ ಉಸಿರು ಎಳೆಯಬಹುದಾ?"

ಎಲ್ಲರೂ ತಿರುಗಿ ನೋಡಿದರು. ಕುಶಲಾ ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. ಅವರು ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಿಲ್ಲಬೇಕಾಗಿತ್ತು, ಆದರೆ ಧ್ವನಿ ಗಟ್ಟಿಯಿತ್ತು.

"ಹೇಳಿ ಉಪಾಧ್ಯಾಯರೇ. ಉಸಿರು ಎಳೆಯಬಹುದಾ, ಇಲ್ಲ ಅದಕ್ಕೂ ಸೋಣ ಬರಬೇಕಾ?"

ಆಳ್ವರು, "ಕುಶಲಾ, ನೀನು ಕೂತ್ಕೊ ಮಾರಾಯ್ತಿ, ಮಾತಾಡಿದ್ರೆ ದಮ್ಮು ಜಾಸ್ತಿ ಆಗ್ತದೆ" ಎಂದರು.

ಕುಶಲಾ ಕೂರಲಿಲ್ಲ. "ಚಾರ್ಲ್ಸ್, ಆ ಗೋಡೆ ಒಡಿ."

ಚಾರ್ಲ್ಸ್ ಕೈಯಲ್ಲಿದ್ದ ಬ್ರಶ್ಶನ್ನು ಕೆಳಗಿಡದೆ ಆಳ್ವರ ಮುಖ ನೋಡಿದ. "ಧನಿಗಳು ಹೇಳಿದ್ರೆ..."

"ಅವರ ಮುಖ ಎಂತ ನೋಡ್ತೀ? ಜಾಗ ನನ್ನ ಅಮ್ಮನದ್ದು. ಅಮ್ಮ ನನಗೆ ಕೊಟ್ಟದ್ದು. ಉಸಿರೂ ನನ್ನದೇ. ಒಡಿ ಅಂದೆ."

ಚಾರ್ಲ್ಸ್ ಇನ್ನೊಮ್ಮೆ ಆಳ್ವರನ್ನು ನೋಡಿದ. ಎರಡು ಹೋಟೆಲು ನಡೆಸುವ, ನೂರು ಜನಕ್ಕೆ ಕೆಲಸ ಕೊಟ್ಟ ಆಳ್ವರು ಹೆಂಡತಿಯ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ಮೊದಲ ಸಲ ಅವರು 'ಆಯ್ತು' ಎನ್ನಲಿಲ್ಲ. ಸುಮ್ಮನೆ ಹೋಗಿ ಪೇಂಟಿನ ಡಬ್ಬಗಳನ್ನು ದಾರಿಯಿಂದ ಬದಿಗೆ ಸರಿಸಿದರು.

ಉಳಿ, ಸುತ್ತಿಗೆ ಬಂತು. ಮುಕ್ತಾ ಪೆನ್ಸಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದು ಕೊಟ್ಟಳು. ಸಾರಣೆ ಉದುರಿತು, ಕೆಂಪು ಕಲ್ಲು ಕಾಣಿಸಿತು. ನಾಲ್ಕನೇ ಕಲ್ಲು ಹೊರಗೆ ಜಾರಿದ ಕೂಡಲೇ ಕಡಲ ಕಡೆಯ ಗಾಳಿ ಒಳಕ್ಕೆ ನುಗ್ಗಿತು. ಕೋಣೆಯ ಬಾಗಿಲು ಪಟಾರನೆ ಬಡಿಯಿತು, ಮನ್ವಿತಾ ಓಡಿ ಅದಕ್ಕೆ ಪೇಂಟಿನ ಡಬ್ಬ ಒತ್ತಿಟ್ಟಳು. ಮೆಟ್ಟಿಲಿನ ಮೇಲಿನ ಜಾಲಂಧ್ರದಲ್ಲಿ ಗಾಳಿ ಗುಂಯ್ ಎಂದಿತು. ಆ ಸದ್ದು ಕೇಳಿ ಮುಕ್ತಾಳ ಎದೆ ಕುಣಿಯಿತು. ಲೆಕ್ಕ ಸರಿ ಇತ್ತು! ಹೊರಗೆ ಮಳೆ ಸುರಿಯುತ್ತಲೇ ಇತ್ತು, ಮೂರಡಿಯ ಸನ್‌ಶೇಡಿನ ದಯೆಯಿಂದ ಒಳಗೆ ಬಿದ್ದದ್ದು ನಾಲ್ಕು ಹನಿ. ಕುಶಲಾ ಮೆಟ್ಟಿಲಿನ ಬುಡದಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಸಿಳ್ಳೆ ನಿಂತಿರಲಿಲ್ಲ. ಒಂದು ಮಧ್ಯಾಹ್ನಕ್ಕೆ ನಿಲ್ಲುವಂಥದ್ದೂ ಅಲ್ಲ. ಆದರೆ ಅವರ ಭುಜ ಇಳಿದಿತ್ತು, ಸೀರೆಯ ಸೆರಗು ಗಾಳಿಗೆ ಹಾರುತ್ತಿತ್ತು.

ಮುಕ್ತಾ ಗೆದ್ದ ಹುಮ್ಮಸ್ಸಿನಲ್ಲಿ ಟೇಪು ಹಿಡಿದು ಗೋಡೆಯಲ್ಲಿ ತೆರೆದ ಬಾಯಿಯನ್ನು ಅಳೆದಳು. ಓರೆ ಪಟ್ಟಿಗಳ ಕಿಟಕಿಯನ್ನು ಹೊಸದಾಗಿ ಮಾಡಿಸಬೇಕು. ಅಲ್ಲಿಯವರೆಗೆ ಸೊಳ್ಳೆಯ ಬಲೆ ಸಾಕು. ಕಾಗದದಲ್ಲಿ ಚಿತ್ರ ಗೀಚಿ, ಅಳತೆ ಬರೆದು, ಫೋಟೋ ಹೊಡೆದು, ಕಳಿಸಲು ಮೊಬೈಲ್ ತೆರೆದಳು.

"ಯಾರಿಗೆ ಕಳಿಸ್ತಿದ್ದೀರಿ?" ಕುಶಲಾ ಪಕ್ಕದಲ್ಲಿ ನಿಂತಿದ್ದರು.

"ಕಿಟಕಿಯ ಡ್ರಾಯಿಂಗ್ ಕುಶಲಕ್ಕ. ಆಳ್ವರಿಗೆ..."

ಹೇಳುತ್ತಿದ್ದ ಹಾಗೆ ಅವಳ ಬೆರಳು ನಿಂತಿತು. ಪರದೆಯ ಮೇಲೆ ಎರಡು ವರ್ಷದ ಡ್ರಾಯಿಂಗುಗಳು ಒಂದರ ಕೆಳಗೊಂದು ಇದ್ದವು. ಕಿಟಕಿಯದ್ದು, ಜಾಲಂಧ್ರದ್ದು, ಗಾಳಿ ಹೋಗುವ ದಾರಿಯನ್ನು ಕೆಂಪು ಬಾಣದಿಂದ ತೋರಿಸಿದ್ದು. ಎಲ್ಲವೂ ಆಳ್ವರಿಗೆ. ಎಲ್ಲದರ ಕೆಳಗೂ ಆಳ್ವರು ಕಳಿಸಿದ ಒಂದೊಂದು ಹೆಬ್ಬೆರಳಿನ ಚಿತ್ರ.

"ಇದನ್ನೆಲ್ಲ ನಾನು ಇವತ್ತೇ ನೋಡುವುದು," ಎಂದರು ಕುಶಲಾ ಮೊಬೈಲಿನ ಕಡೆ ಬಾಗಿ. ಸಿಟ್ಟಿರಲಿಲ್ಲ ಧ್ವನಿಯಲ್ಲಿ, ಬರೀ ಆಯಾಸವಿತ್ತು. "ಇಲ್ಲಿ ಕಿಟಕಿ ಇತ್ತು ಅಂತಲೇ ನನಗೆ ಗೊತ್ತಿರ್ಲಿಲ್ಲ ಮುಕ್ತಾ. ನಾನು ನೋಡುವಾಗ ಗೋಡೆಯೇ ಇತ್ತು. ಇಂಜಿನಿಯರಮ್ಮ ನನಗೋಸ್ಕರ ಆಲೋಚನೆ ಮಾಡಿ ಹೀಗೆ ಕಟ್ಟಿಸಿದ್ದಾರೆ, ನನ್ನ ಹಣೆಬರಹಕ್ಕೆ ಇಲ್ಲಿಯೂ ಉಸಿರು ಸಿಕ್ಕುವುದಿಲ್ಲ ಅಂತ ಎರಡು ತಿಂಗಳು ಕೂತಿದ್ದೆ. ನಿಮ್ಮನ್ನು ಬೈಯಲಿಕ್ಕೂ ಮನಸ್ಸಾಗ್ಲಿಲ್ಲ."

ಮುಕ್ತಾ ಆಳ್ವರ ಕಡೆ ನೋಡಿದಳು, ತಂದೆಯ ಕಡೆ ನೋಡಿದಳು. ಬೆಳಿಗ್ಗೆಯಿಂದ ಅವಳು ಈ ಇಬ್ಬರನ್ನು ಬೈದದ್ದಕ್ಕೆ ಮಿತಿಯೇ ಇರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಬರೆದ ಡ್ರಾಯಿಂಗನ್ನು ಕಳಿಸದೆ, ಹೆಸರುಗಳ ಪಟ್ಟಿಯಲ್ಲಿ ಕುಶಲಾ ಎಂದು ಹುಡುಕಿದಳು. ಇರಲಿಲ್ಲ.

"ಕುಶಲಕ್ಕ," ಎಂದಳು, "ನಿಮ್ಮ ನಂಬರ್ ಹೇಳಿ."